ಬೋರ್ಡಿದ್ದ ಮನೆ, ಹುಳವಿದ್ದ ಮನೆ

ನಮ್ಮ ಭಾವ ರಾಮಲಿಂಗಯ್ಯನಿಗೆ ಅಕ್ಕೂರಿನ ಸುತ್ತಮುತ್ತ ಒಂದೇ ಹೆಸರು: ಸಬ್ಸಿಡಿ ರಾಮಲಿಂಗಯ್ಯ. ಎದುರಿಗೇ ಹಾಗೆ ಕರೆದರೂ ಅವನಿಗೆ ಬೇಜಾರಿಲ್ಲ. ಬಿರುದು ಕೊಟ್ಟರು ಅಂದುಕೊಂಡು ಮೀಸೆ ಸವರಿಕೊಳ್ಳುತ್ತಾನೆ. ನಾನು ಅವನ ಹೆಂಡತಿ ಸರಸಮ್ಮನ ತಮ್ಮ ಶಿವರಾಜು. ಗೂಡ್ಸ್ ಆಟೋ ಇಟ್ಟುಕೊಂಡು ಊರೂರಿನ ರೇಷ್ಮೆಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಸಾಗಿಸುತ್ತೇನೆ. ಭಾವನ ವಿಷಯ ಬಂದರೆ ನನ್ನ ನಾಲಿಗೆ ಸ್ವಲ್ಪ ಉದ್ದ. ಮೂವತ್ತು ವರ್ಷ ಅಕ್ಕ ಆ ಮನೆಯಲ್ಲಿ ದುಡಿದದ್ದನ್ನು ಕಣ್ಣಾರೆ ಕಂಡವನಿಗೆ ಅಷ್ಟಾದರೂ ಹಕ್ಕು ಬೇಡವೇ?

ಭಾವನಿಗೆ ಮೂರು ಎಕರೆ ಇದೆ. ಅದರಲ್ಲಿ ಅವನು ಮುಖ್ಯವಾಗಿ ಬೆಳೆಯುವುದು ಅರ್ಜಿ. ಹನಿ ನೀರಾವರಿಯ ಪೈಪು ಬಂತು. ಅದರ ಮೇಲೆ ಈಗ ಬಟ್ಟೆ ಒಣಗುತ್ತದೆ. ಕೃಷಿ ಹೊಂಡ ತೋಡಿಸಿ, ಫೋಟೋ ಹೊಡೆಸಿ, ಮಾರನೆಯ ದಿನವೇ ಅದರ ಪ್ಲಾಸ್ಟಿಕ್ ಹಾಳೆ ಕಿತ್ತು ಹುಲ್ಲಿನ ಮೆದೆಗೆ ಹೊದಿಸಿದ. ಜೇನು ಪೆಟ್ಟಿಗೆಯೂ ಬಂದವು. ಜೇನು ಬರಲಿಲ್ಲ, ಕೋಳಿ ಹೋಗಿ ಮೊಟ್ಟೆ ಇಟ್ಟಿತು. ಮದುವೆ ಸೀರೆ ಹಾಕಿಕೊಟ್ಟಿದ್ದ ಜಿಪ್ಪಿನ ಚೀಲದಲ್ಲಿ ಪಹಣಿ, ಆಧಾರು, ಪಾಸ್‌ಬುಕ್ಕು, ಹದಿನಾರು ಪಾಸ್‌ಪೋರ್ಟ್ ಫೋಟೋ ಸದಾ ಸಿದ್ಧ. ಆ ಚೀಲಕ್ಕೆ ತೋರಿಸುವ ಅಕ್ಕರೆಯಲ್ಲಿ ಅರ್ಧ ಅಕ್ಕನಿಗೆ ತೋರಿಸಿದ್ದರೆ ನಾನು ಅವನ ಕಾಲು ತೊಳೆದು ನೀರು ಕುಡಿಯುತ್ತಿದ್ದೆ, ಸತ್ಯವಾಗಿ.

ಅಕ್ಕನ ಹೆಸರಿಗೂ ರೇಷ್ಮೆ ಇಲಾಖೆಯಲ್ಲಿ ಒಂದು ರೈತರ ನಂಬರು ಮಾಡಿಸಿಟ್ಟಿದ್ದ. ಪ್ರೀತಿಯಿಂದ ಅಲ್ಲ. ನಮ್ಮಪ್ಪ ಅಕ್ಕನಿಗೆ ಇಪ್ಪತ್ತು ಗುಂಟೆ ಹಿಪ್ಪುನೇರಳೆ ತೋಟ ಬರೆದುಕೊಟ್ಟಿದ್ದರು. ಅದರ ಮೇಲೆ ಎರಡನೇ ಸಬ್ಸಿಡಿ ಸಿಕ್ಕೀತು ಅನ್ನುವ ಆಸೆ. ಸಿಗಲಿಲ್ಲ. ನಂಬರು ಮಾತ್ರ ಉಳಿಯಿತು.

ಅವನ ಕಿರೀಟವೆಂದರೆ ಮಾದರಿ ಹುಳದ ಮನೆ. ರಸ್ತೆ ಬದಿಗೆ ಶೀಟು ಹೊದಿಸಿ ಕಟ್ಟಿಸಿದ್ದು. ಮುಂದೆ ಆಳೆತ್ತರದ ಬೋರ್ಡು, ಅದರಲ್ಲಿ ಯೋಜನೆಯ ಹೆಸರು, ಫಲಾನುಭವಿಯ ಹೆಸರು. ಒಳಗೆ ಅವನ ಬೈಕು, ಹಿಂಡಿ ಮೂಟೆ. ಹನ್ನೊಂದು ಗಂಟೆಯ ಬಿಸಿಲಿಗೆ ಆ ಶೀಟಿನ ಕೆಳಗೆ ಮನುಷ್ಯನೇ ಬೇಯುತ್ತಾನೆ, ಇನ್ನು ಹುಳ ಬದುಕುತ್ತದಾ? ಅಕ್ಕ ಹುಳ ಮೇಯಿಸುತ್ತಿದ್ದದ್ದು ಹಿತ್ತಲಿನ ಹಳೆಯ ಹೆಂಚಿನ ಮನೆಯಲ್ಲಿ. ಅದಕ್ಕೆ ಬೋರ್ಡು ಇರಲಿಲ್ಲ, ಆದರೆ ಕಾನೂನು ಇತ್ತು. ಬಾಗಿಲಲ್ಲಿ ಬ್ಲೀಚಿಂಗ್ ನೀರಿಗೆ ಕಾಲಿಟ್ಟೇ ಒಳಗೆ ಬರಬೇಕು. ಹುಳಕ್ಕೆ ಘಾಟು ವಾಸನೆ ಆಗದು, ಹಾಗಾಗಿ ಬೀಡಿ ಸೇದಿದವರು, ಸೆಂಟು ಹಾಕಿದವರು, ಮಲ್ಲಿಗೆ ಮುಡಿದವರು ಹೊರಗೇ. ಬೇರೆ ಹುಳದ ಮನೆಯ ರೋಗ ಹೊತ್ತು ತರಬಹುದಾದ ನನ್ನಂಥ ಡ್ರೈವರಿಗಂತೂ ಅಂಗಳದಲ್ಲೇ ಕಾಫಿ.

ಈ ಸಲ ಅಕ್ಕ ಇನ್ನೂರು ಮೊಟ್ಟೆ ಚಾಕಿ, ಅಂದರೆ ಎಳೆಹುಳ, ತಂದು ಮೇಯಿಸುತ್ತಿದ್ದಳು. ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆಯ ಗುಂಪು. ಮಗಳು ಪ್ರತಿಮಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. "ಈ ಬೆಳೆ ಕೈಗೆ ಬಂದ್ರೆ ಬಾಣಂತನ ಯಾರ್ ಮುಂದೂ ಕೈ ಚಾಚ್ದಂಗೆ ಮಾಡ್ತೀನಿ ಕಣೋ ಶಿವ್ರಾಜ," ಅಂದಿದ್ದಳು. ಭಾವನ ಸಬ್ಸಿಡಿಯಿಂದ ಆ ಮನೆಯಲ್ಲಿ ಯಾರಿಗೂ ಒಂದು ಲೋಟ ಹಾಲು ಕಾಯಿಸಿದ್ದನ್ನು ನಾನು ಕಂಡಿಲ್ಲ.

ಅಂಥ ಹೊತ್ತಿಗೆ ಯುರೋಪು ಬಂತು.

ಅಲ್ಲಿನ ನಾಲ್ಕು ದೇಶಗಳ ಆರು ಜನ ಅಧಿಕಾರಿಗಳು. ಅವರ ಕಡೆ ರೈತರಿಗೆ ಕೊಡುವ ಸಬ್ಸಿಡಿಯನ್ನು ಸರಿಪಡಿಸುವುದು ಅವರ ಕೆಲಸವಂತೆ. ಹತ್ತಾರು ವರ್ಷ ಕೊಟ್ಟೂ ಕೊಟ್ಟೂ, ಈಗ ಅಷ್ಟೆಲ್ಲ ಯಾರಿಗೆ ಕೊಟ್ಟೆವು ಅಂತ ಹುಡುಕುತ್ತಿದ್ದಾರೆ. ಸಣ್ಣ ರೈತನಿಗೆ ಸರ್ಕಾರದ ನೆರವು ಹೇಗೆ ತಲುಪುತ್ತದೆ ಅಂತ ತಿಳಿಯಲು ಪ್ರಪಂಚ ಸುತ್ತಿ, ಕೊನೆಗೆ ತಲುಪಿದ್ದು ನಮ್ಮ ಭಾವನ ಮನೆಗೆ. ಇಲಾಖೆಯವರು ಅವನನ್ನೇ ಆರಿಸಿದ್ದಕ್ಕೆ ಕಾರಣವಿತ್ತು: ತಾಲ್ಲೂಕಿನಲ್ಲಿ ಅಷ್ಟು ಅಚ್ಚುಕಟ್ಟಾದ ಫೈಲು ಇನ್ನೊಬ್ಬನದಿರಲಿಲ್ಲ.

ಹಿಂದಿನ ದಿನ ಭಾವ ಕುಣಿಯುತ್ತ ಬಂದ. "ಸರಸೂ, ಹುಳನೆಲ್ಲ ಹೊಸ ಮನೆಗೆ ಸಾಗ್ಸು. ಬೋರ್ಡ್ ಇರೋ ಕಡೆ ಹುಳ ಇಲ್ದಿದ್ರೆ ಮಾನ ಹೋಯ್ತದೆ."

"ಹುಳ ನಾಕನೇ ಜ್ವರದಲ್ಲವೆ," ಅಂದಳು ಅಕ್ಕ. ರೇಷ್ಮೆಹುಳ ಬೆಳೆಯುವಾಗ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ನಿಂತು ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತೇವೆ. ಆಗ ಯಾರೂ ಅದನ್ನು ಮುಟ್ಟುವುದಿಲ್ಲ.

"ಒಂದ್ ದಿವ್ಸಕ್ಕೆ ಏನಾಗೋದದು?"

"ನಿಮ್ಗೆ ಜ್ವರ ಬಂದಾಗ ಮಂಚ ಸಮೇತ ಎತ್ಕೊಂಡೋಗಿ ರಸ್ತೇಲಿ ಮಡಗ್ಲಾ? ಆಗ ಗೊತ್ತಾಯ್ತದೆ ಏನಾಯ್ತದೆ ಅಂತ."

ಜಗಳ ಸಂಜೆವರೆಗೂ ನಡೆಯಿತು. ಕೊನೆಗೆ ಅಕ್ಕ ಎರಡು ತಟ್ಟೆ ಕೊಟ್ಟಳು. ಪ್ರತಿ ಬೆಳೆಯಲ್ಲೂ ಒಂದಷ್ಟು ಹುಳ ಬೆಳೆಯದೆ ಹಿಂದೆ ಬೀಳುತ್ತವೆ. ಅವನ್ನು ಆರಿಸಿ ಗುಂಡಿಗೆ ಹಾಕುವುದು ರೂಢಿ. ಆ ಎರಡು ತಟ್ಟೆಯಲ್ಲಿದ್ದದ್ದು ಅವೇ. ಭಾವ ಬೈಕು ಹೊರಗೆಳೆದು, ಹಿಂಡಿ ಮೂಟೆಗೆ ಜಮಖಾನ ಹೊದಿಸಿ, ತಟ್ಟೆ ಜೋಡಿಸಿ, ಮಾದರಿ ರೈತನಾಗಿ ನಿಂತ.

ಬಂದವರು ಒಳ್ಳೆಯ ಜನ, ಸುಳ್ಳು ಹೇಳಬಾರದು. ಆದರೆ ಸೊಳ್ಳೆಗೆ ಹೆದರಿ ಮೊಣಕೈವರೆಗೂ ಎಂಥದೋ ಕ್ರೀಮು ಬಳಿದುಕೊಂಡಿದ್ದರು. ವಾಸನೆ ಅಂಗಳ ದಾಟುವಷ್ಟರಲ್ಲಿ ಅಕ್ಕ ಹಿತ್ತಲಿಗೆ ಓಡಿ ಹೆಂಚಿನ ಮನೆಯ ಬಾಗಿಲು ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತುಬಿಟ್ಟಳು. ಇತ್ತ ಮಾದರಿ ಮನೆಯಲ್ಲಿ ಆರು ಜನವೂ ಹುಳವನ್ನು ಅಂಗೈ ಮೇಲಿಟ್ಟುಕೊಂಡು ಮುದ್ದು ಮಾಡಿದ್ದೇ ಮಾಡಿದ್ದು, ಫೋಟೋ ಹೊಡೆದದ್ದೇ ಹೊಡೆದದ್ದು.

ಅವರಲ್ಲಿ ಬಿಳಿ ಕೂದಲಿನ ಒಬ್ಬ ಹೆಂಗಸು ಮಾತ್ರ ಹಿತ್ತಲಿಗೆ ಬಂದಳು. ಅಕ್ಕನ ಬೆರಳಿನ ಸೊಪ್ಪಿನ ಕಲೆ ನೋಡಿದಳು, ಮುಚ್ಚಿದ ಬಾಗಿಲು ನೋಡಿದಳು, ಏನೋ ಕೇಳಿದಳು. ಇಲಾಖೆಯ ಅಧಿಕಾರಿ ನಯನ ಕನ್ನಡಕ್ಕೆ ತಿರುಗಿಸಿದರು: "ಇಲ್ಲಿ ರೈತ ಯಾರು ಅಂತ ಕೇಳ್ತಿದ್ದಾರೆ."

ಓಡಿ ಬಂದಿದ್ದ ಭಾವ ಎದೆ ತಟ್ಟಿಕೊಂಡು, "ನಾನೇಯಾ! ಇವ್ಳು ನಮ್ ಮನೆಯವ್ಳು, ಸುಮ್ಕೆ ಸೊಪ್ಪು ಹಾಕ್ತಾಳೆ ಅಷ್ಟೇಯ," ಅಂದ. ಸುಮ್ಮನೆ ಸೊಪ್ಪು ಹಾಕುತ್ತಾಳಂತೆ! ನನ್ನ ಕೈ ತುರಿಸಿತು.

ಆ ಹೆಂಗಸು ನಕ್ಕು, ತಮ್ಮ ಕಡೆಯ ಗಲಾಟೆಯೂ ಅದೇ ಅಂದಳಂತೆ. ನೆಲ ಎಷ್ಟಿದೆಯೋ ಅಷ್ಟು ದುಡ್ಡು. ಹಾಗಾಗಿ ದೊಡ್ಡ ಜಮೀನ್ದಾರನಿಗೆ ದೊಡ್ಡ ಚೆಕ್ಕು, ಅವನ ನೆಲದಲ್ಲಿ ಕುರಿ ಮೇಯಿಸುವವನಿಗೆ ಚಿಕ್ಕಾಸು. ಅದನ್ನು ತಿದ್ದಲು ಹೋದರೆ ಟ್ರ್ಯಾಕ್ಟರು ತಂದು ರಸ್ತೆ ಅಡ್ಡಗಟ್ಟುತ್ತಾರೆ. ಒಂದು ಕಾಲದಲ್ಲಿ ಹೆಚ್ಚು ಬೆಳೆಯಿರಿ ಅಂತ ದುಡ್ಡು ಕೊಟ್ಟೆವು, ಕೊಳ್ಳುವವರಿಲ್ಲದೆ ಬೆಣ್ಣೆ ಗುಡ್ಡವಾಯಿತು. ಆಮೇಲೆ ಒಂದಷ್ಟು ನೆಲ ಪಾಳು ಬಿಡಿ ಅಂತಲೂ ದುಡ್ಡು ಕೊಟ್ಟೆವು, ಅಂದಳು.

ಇಷ್ಟರಲ್ಲಿ ಭಾವನ ಕಿವಿಗೆ ಬಿದ್ದದ್ದು ಕೊನೆಯ ಮಾತು ಒಂದೇ. "ಪಾಳ್ ಬುಟ್ಟಿದ್ಕೆ ದುಡ್ಡಾ ಮೇಡಮ್? ನಾನು ಮೇಲ್ಗಡೆ ಒಂದೂವರೆ ಎಕ್ರೆ ಹತ್ ವರ್ಷದಿಂದ ಪಾಳ್ ಬುಟ್ಟಿವ್ನಿ, ಒಂದ್ ಪೈಸಾ ಕೊಟ್ಟೋರಿಲ್ಲ! ಅರ್ಜಿ ಎಲ್ ಸಿಕ್ತದೆ ಒಸಿ ಕೇಳಿ."

ನಯನ ಅದನ್ನು ತಿರುಗಿಸಿ ಹೇಳಿದಾಗ ಆರು ಜನವೂ ಬಿದ್ದು ಬಿದ್ದು ನಕ್ಕರು. ಭಾವ ನಗಲಿಲ್ಲ. ಅವನು ಉತ್ತರಕ್ಕೆ ಕಾಯುತ್ತಿದ್ದ.

ಮಾರನೆಯ ಬೆಳಿಗ್ಗೆ ಎರಡೂ ತಟ್ಟೆಯ ಹುಳ ಆ ಕ್ರೀಮಿನ ಕೈ ತಾಗಿ ಹಸಿರು ನೀರು ಕಕ್ಕಿಕೊಂಡು ಸತ್ತಿದ್ದವು. ಅಕ್ಕ ಗುಂಡಿಗೆ ಹಾಕಲು ಪೊರಕೆ ತಂದರೆ ಭಾವ ಅಡ್ಡ ನಿಂತ. ಅವನ ಮುಖದಲ್ಲಿ ದುಃಖವಿರಲಿಲ್ಲ, ಕಳೆ ಇತ್ತು. "ಮುಟ್ಬೇಡ. ಇದು ಸಾಕ್ಷಿ. ಸರ್ಕಾರ ಕರ್ಕೊಂಡ್ ಬಂದಿರೋ ನೆಂಟ್ರಿಂದ ಹುಳ ಸತ್ತವೆ, ಸರ್ಕಾರ್ವೇ ಪರಿಹಾರ ಕಟ್ಕೊಡ್ಬೇಕು." ಅಲ್ಲೇ ಕೂತು ಅರ್ಜಿ ಬರೆದ: ಇನ್ನೂರು ಮೊಟ್ಟೆಯ ಬೆಳೆ ಪೂರ್ತಿ ನಾಶವಾಗಿದೆ.

"ಗುಂಡಿಗೆ ಹೋಗೋ ಹುಳಕ್ಕೆ ಪರಿಹಾರ್ವಾ? ಹಿಂದ್ಗಡೆ ಹುಳ ಹೊಟ್ಟೆ ತುಂಬ ಮೇಯ್ತಾ ಅವೆ, ಅದ್ನೇನ್ ಮಾಡ್ತೀರಿ?" ಅಂದಳು ಅಕ್ಕ.

"ಅದ್ಕೆ ಬೋರ್ಡ್ ಇಲ್ವಲ್ಲ. ಯಾರಿಗ್ ಗೊತ್ತಾಯ್ತದೆ?" ಅಂದ ಭಾವ.

ಹುಳ ಜ್ವರ ಎದ್ದು ವಾರವಿಡೀ ಮೇದವು. ಅಕ್ಕನಿಗೆ ಪಕ್ಕದ ಮನೆಯ ತಸ್ಲೀಮಾ ಕೈಜೋಡಿಸಿದಳು. ತುಂಬಿದ ಬಸುರಿ ಪ್ರತಿಮಾ ಬಾಗಿಲಲ್ಲಿ ಕೂತು ಸೊಪ್ಪು ಆರಿಸಿಕೊಟ್ಟಳು. ಮೇವು ಮುಗಿಸಿ ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಸುರುಳಿ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಟ್ಟು ಐದು ದಿನಕ್ಕೆ ನೋಡಿದರೆ ಒಂದೊಂದು ಚಂದ್ರಿಕೆಯಲ್ಲೂ ತೆರಪಿಲ್ಲದ ಹಾಗೆ ಬೆಳ್ಳನೆಯ ಗೂಡು. ಅಂಥ ಬೆಳೆಯನ್ನು ನಾನು ಅಕ್ಕನ ಮನೆಯಲ್ಲೂ ಕಂಡಿರಲಿಲ್ಲ.

ಆದರೆ ಪರಿಹಾರದ ತನಿಖೆ ಆಗಿರಲಿಲ್ಲ. ಗುರುವಾರ ಅಂದರು, ಸೋಮವಾರ ಅಂದರು, ಮೀಟಿಂಗು ಅಂದರು. ಭಾವ ಅಕ್ಕನಿಗೆ ಆಜ್ಞೆ ಮಾಡಿದ: "ತನಿಖೆ ಮುಗಿಯೋಗಂಟ ಗೂಡು ಬಿಡಿಸ್ಬೇಡ. ಮಾರ್ಕೆಟ್‌ನಲ್ಲಿ ನನ್ ನಂಬರ್ ಮ್ಯಾಲೆ ಗೂಡು ಬಿದ್ರೆ ಅರ್ಜಿ ಸುಳ್ಳಾಯ್ತದೆ."

ಗೂಡು ಕಾಯುವುದಿಲ್ಲ. ಇನ್ನು ಮೂರ್ನಾಲ್ಕು ದಿನ ತಡೆದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಆಚೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲಾಗದು. ಅದನ್ನು ಮಾರ್ಕೆಟ್ಟಿನಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಇದು ಭಾವನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹೆಂಚಿನ ಮನೆಗೆ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ಜಿಪ್ಪಿನ ಚೀಲ ಹಿಡಿದು, ಅಧಿಕಾರಿಯನ್ನು ಕರೆತರಲು ಚನ್ನಪಟ್ಟಣದ ಬಸ್ಸು ಹತ್ತಿದ. ಥೂ! ಕೈಯಲ್ಲಿರುವ ಅನ್ನ ಚೆಲ್ಲಿ, ಚೆಲ್ಲಿದ್ದಕ್ಕೆ ಪರಿಹಾರ ಕೇಳುವವನನ್ನು ಏನೆಂದು ಬಯ್ಯಬೇಕೋ ನನಗೆ ತಿಳಿಯಲಿಲ್ಲ.

ಅವನ ಬಸ್ಸು ಹೋದ ಕೂಡಲೇ ಅಕ್ಕನ ಫೋನು ಬಂತು. "ಶಿವ್ರಾಜ, ಆಟೋ ತಕಂಡ್ ಬಾ. ಬರ್ತಾ ಒಂದ್ ಸುತ್ತಿಗೆ ತತ್ತಾ."

ಬೀಗಕ್ಕೆ ಏಟು ಹಾಕಲು ನಾನು ಸುತ್ತಿಗೆ ಎತ್ತಿದರೆ ಅಕ್ಕ ಕಿತ್ತುಕೊಂಡಳು. ಮೂರೇ ಏಟು. ನಾನು, ಅಕ್ಕ, ತಸ್ಲೀಮಾ ಸೇರಿ ಗೂಡು ಬಿಡಿಸಿ ಚೀಲ ತುಂಬಿದೆವು. ಕಾನೂನು ಮರೆತು ನಾನು ಕಾಲು ತೊಳೆಯದೆ ಒಳಗೆ ಹೋಗಿದ್ದೆ. ಅಕ್ಕ ಇನ್ನೊಂದು ಖಾಲಿ ಚೀಲ ನನ್ನತ್ತ ನೂಕಿದಳು. ಅವಳ ಕಣ್ಣು ಒದ್ದೆಯಾಗಿದ್ದವು.

ಮೂವರೂ ಆಟೋದಲ್ಲಿ ಮಾರ್ಕೆಟ್ಟಿಗೆ ಹೊರಟರೆ ಊರಾಚೆ ಸಣ್ಣ ರಸ್ತೆಯಲ್ಲಿ ಎದುರಿಗೆ ಇಲಾಖೆಯ ಜೀಪು ಬಂತು. ಜಾಗವಿಲ್ಲದೆ ಎರಡೂ ಗಾಡಿ ನಿಂತವು. ಮುಂದೆ ನಯನ ಮೇಡಮ್ಮು, ಹಿಂದೆ ಚೀಲ ತಬ್ಬಿಕೊಂಡ ಭಾವ. ನಯನ ಇಳಿದು ಬಂದು ಗೂಡಿನ ಚೀಲ ನೋಡಿ, "ಏನಮ್ಮ ಇದು? ಬೆಳೆ ಪೂರ್ತಿ ಹೋಯ್ತು ಅಂತ ನಿಮ್ಮ ಯಜಮಾನರು ಬರೆದುಕೊಟ್ಟಿದ್ದಾರಲ್ಲ?" ಅಂದರು.

ಅಕ್ಕ ಬಾಯಿ ತೆರೆಯುವ ಮೊದಲೇ ಭಾವ ಹಾರಿ ಇಳಿದ. "ಅದು ನಮ್ದಲ್ಲ ಮೇಡಮ್! ದೇವ್ರಾಣೆ ನಮ್ದಲ್ಲ!"

"ಮತ್ತೆ ಯಾರದು?"

ಭಾವ ತಸ್ಲೀಮಾಳನ್ನು ನೋಡಿದ. ಚೀಲದ ಮೇಲೆ ಕೂತಿದ್ದ ಅವಳು, "ನನ್ದಲ್ಲಪ್ಪ," ಅಂದುಬಿಟ್ಟಳು. ನನ್ನನ್ನು ನೋಡಿದ. ನಾನು ಮರ ನೋಡಿದೆ. ಬೆವರು ಒರೆಸಿಕೊಂಡು ಅಂದ: "ಇವ್ಳ್ದೇಯ. ಇವ್ಳ್ ಹೆಸ್ರಲ್ಲೂ ನಂಬರ್ ಐತೆ ಮೇಡಮ್. ಇವ್ಳೇ ಬೇರೆ ಮೇಯಿಸ್ಕಂಡವ್ಳೆ. ನಂಗೂ ಈ ಗೂಡ್ಗೂ ಸಂಬಂಧ ಇಲ್ಲ."

"ಹಾಗಂತ ಬರೆದುಕೊಡಿ," ಅಂದರು ನಯನ. ಅವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಬರೆಯುವುದೆಂದರೆ ಭಾವನಿಗೆ ಎಲ್ಲಿಲ್ಲದ ಹುರುಪು. ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು, ಸದರಿ ರೇಷ್ಮೆಗೂಡು ನನ್ನ ಪತ್ನಿ ಸರಸಮ್ಮನವರದು, ಅದನ್ನು ಬೆಳೆದವರು ಅವರೇ, ಅದಕ್ಕೂ ನನಗೂ ಯಾವುದೇ ಸಂಬಂಧವಿರುವುದಿಲ್ಲ ಅಂತ ಮುತ್ತಿನಂಥ ಅಕ್ಷರದಲ್ಲಿ ಬರೆದು ಸಹಿ ಹಾಕಿದ. ಮೂವತ್ತು ವರ್ಷದಲ್ಲಿ ಅವನು ಬರೆದ ಮೊದಲ ನಿಜವಾದ ಅರ್ಜಿ ಅದು.

"ನಂಗೂ ಒಂದ್ ಕಾಪಿ ಕೊಡಿ," ಅಂದಳು ಅಕ್ಕ. ಅದನ್ನೂ ಬರೆದುಕೊಟ್ಟ, ಪುಣ್ಯಾತ್ಮ. ನಯನ ಆಮೇಲೆ ಮಾದರಿ ಮನೆಗೆ ಹೋಗಿ, ಒಣಗಿದ ಹುಳ ನೋಡಿ, ನಷ್ಟದ ಕಡೆ ಎರಡು ತಟ್ಟೆ ಅಂತ ಬರೆದುಕೊಂಡು ಹೋದರಂತೆ.

ರಾಮನಗರದ ಮಾರ್ಕೆಟ್ಟಿನಲ್ಲಿ ಮಧ್ಯಾಹ್ನದ ಜನ. ಚೀಟಿ ಬರೆಯುವವನು ತಲೆ ಎತ್ತದೆ, "ರೈತ್ರ ಹೆಸ್ರು?" ಅಂದ.

"ಸರಸಮ್ಮ," ಅಂದಳು ಅಕ್ಕ.

ನಾನು ಆ ಮಾರ್ಕೆಟ್ಟಿಗೆ ಹದಿನೈದು ವರ್ಷದಿಂದ ಬರುತ್ತಿದ್ದೇನೆ. ಅಕ್ಕನ ಗೂಡು ಎಷ್ಟು ಸಲ ತಂದಿಲ್ಲ! ಅವಳ ಹೆಸರು ಅಲ್ಲಿ ಕೇಳಿಸಿದ್ದು ಅದೇ ಮೊದಲು.

"ನಿಮ್ದಲ್ಲಮ್ಮ, ಬೆಳೆದೋರ್ದು. ಯಜಮಾನ್ರು ಬಂದಿಲ್ವಾ?"

ಅಕ್ಕ ಸೆರಗಿನ ಗಂಟು ಬಿಚ್ಚಿ, ಹಾಳೆಯನ್ನು ಅವನ ಮುಂದೆ ನೀವಿ ಹರಡಿದಳು. "ಓದ್ಕೊಳಪ್ಪ. ಅವ್ರೇ ಬರ್ಕೊಟ್ಟವ್ರೆ, ಸಹಿ ಐತೆ."