ಸಿದ್ದಕ್ಕ ಒಪ್ಪಿಸಿಕೊಟ್ಟ ಹೆಣ್ಣು

“ಎದುರಿಗೆ ಮದುವೆ ಹುಡುಗಿ ಕೂತಿರಬೇಕು ಕಣವ್ವಾ, ಆಗ ಪದ ತಾನಾಗೇ ಬರ್ತೈತೆ. ಅವಳ ಹೆಸ್ರು, ಅವರಪ್ಪನ ಹೆಸ್ರು, ಅವಳು ಮೇಯ್ಸಿದ ಎಮ್ಮೆ ಹೆಸ್ರು, ಎಲ್ಲಾ ಸೇರಿಸ್ಬೇಕು. ಹೆಸ್ರಿಲ್ದಂಗೆ ಹೆಣ್ಣು ಒಪ್ಪಿಸೋಕೆ ಬರಲ್ಲ. ಮೈಕಿನ ಅಮರೇಶಪ್ಪ ಕ್ಯಾಸೆಟ್ ಮಾಡ್ಸೋಕಂತ ಚಳ್ಳಕೆರೆಗೆ ಕರಕಂಡೋಗಿ, ಕಿಟಕಿಗೆಲ್ಲ ಕಂಬಳಿ ಕಟ್ಟಿದ ರೂಮ್ನಾಗೆ ಕೂರಿಸಿ ಹಾಡು ಅಂದ. ಎದುರಿಗೆ ಮೈಕು ಬಿಟ್ರೆ ನರಪಿಳ್ಳೆ ಇಲ್ಲ. ಯಾರನ್ನ ಕಳಿಸ್ಲಪ್ಪಾ ಅಂದೆ. ಯಾವುದಾರ ಒಂದು ಹೆಸ್ರು ಹಾಕಕ್ಕ, ಯಾರು ಕೇಳ್ತಾರೆ ಅಂದ. ಬ್ಯಾರೆಯವರ ಮನೆ ಹೆಣ್ಣಿನ ಹೆಸ್ರು ಹಾಕಿದ್ರೆ ನಾಳೆ ಅವರು ಜಗಳಕ್ಕೆ ಬಂದಾರು. ನನ್ನ ಮಗಳದಾದ್ರೆ ಕೇಳೋಳು ನಾನೇ ಅಲ್ವಾ ಅಂತ ಶಶಿರೇಖನ ಹೆಸ್ರು ಹಾಕಿದೆ. ಅವಳಿಗಾಗ ಒಂಬತ್ತು ವರ್ಷ.”

ನನ್ನಿವಾಳದ ಸಿದ್ದಕ್ಕ ಇಷ್ಟನ್ನು ಯಾರು ಕೇಳಿದರೂ ಹೇಳುತ್ತಿದ್ದಳು. ಮುಂದಿನದನ್ನು ಹೇಳುತ್ತಿರಲಿಲ್ಲ.

ಅವಳದು ಒರಟು ಗಂಟಲು. ಮೂರು ಉರುಮೆ ಒಟ್ಟಿಗೆ ಬಡಿದರೂ ಅವುಗಳ ಮೇಲೆ ಅವಳ ದನಿ ನಿಲ್ಲುತ್ತಿತ್ತು. “ಸೋಬಾನೆ ಅಂತಾಳೆ, ಶೇಂಗಾ ಹೊಲದಾಗೆ ಹಂದಿ ಓಡಿಸ್ದಂಗೆ ಕೂಗ್ತಾಳೆ” ಎಂದು ಹಳೆಯ ಹಾಡುಗಾರ್ತಿಯರು ಮೂಗು ಮುರಿಯುತ್ತಿದ್ದರು. ಆದರೆ ಹೆಣ್ಣು ಒಪ್ಪಿಸುವ ಹೊತ್ತಿಗೆ ಆ ಒರಟು ದನಿ ಒಂದು ಕಡೆ ಸೀಳುತ್ತಿತ್ತು. ಆಗ ಮೂಗು ಮುರಿದವರೂ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಚಪ್ಪರಗಳಿಗೆ ಮೈಕು ಕಟ್ಟುತ್ತಿದ್ದ ಅಮರೇಶ ಆ ಸೀಳಿಗೇ ಸೋತು ತೊಂಬತ್ಮೂರರಲ್ಲಿ ಕ್ಯಾಸೆಟ್ ಮಾಡಿಸಿದ. ಗಟ್ಟಿ ದನಿಗೆ ಹೆದರಿ ಮೈಕನ್ನು ಎರಡು ಮಾರು ದೂರ ಇಟ್ಟಿದ್ದನಂತೆ.

ಕಟ್ಟಿದ ಕರುವಿಗೆ ಹುಲ್ಲ್ಯಾರು ಹಾಕ್ಯಾರು
ಹೊತ್ತೇರೋ ಮುಂಚೆ ಹೊಂಟಾಳೆ ಶಶಿರೇಖ
ತಿರುಗಿ ನೋಡದಿರೆ ಬಾಗಿಲವ

ಆ ವರ್ಷ ಪರಶುರಾಂಪುರದಿಂದ ಮೊಳಕಾಲ್ಮೂರಿನವರೆಗೆ ಈ ಪದ ಹಾಕದ ಮದುವೆ ಇರಲಿಲ್ಲ. ಬಸ್ಸಿನಲ್ಲಿ ಅದೇ, ಟ್ರ್ಯಾಕ್ಟರಿನಲ್ಲಿ ಅದೇ. ಗಡಿಯಾಚೆಯ ತೆಲುಗಿನವರೂ ಮಾತು ತಿಳಿಯದಿದ್ದರೂ ಅಳು ಬರುತ್ತದೆಂದು ಕೊಂಡುಹೋದರು. ಮದುವಣಗಿತ್ತಿ ಯಾರೇ ಇರಲಿ, ಕ್ಯಾಸೆಟ್ಟಿನಲ್ಲಿ ಹೊರಡುತ್ತಿದ್ದವಳು ಶಶಿರೇಖಳೇ. ಓಣಿಯ ಮಕ್ಕಳು “ಇವತ್ತು ಯಾವೂರಿಗೆ ಹೊಂಟೆಯೇ” ಎಂದು ರೇಗಿಸಿದರೆ ಅವಳು ನಾಚಿ ಅವ್ವನ ಸೀರೆ ಹಿಂದೆ ಅವಿತುಕೊಳ್ಳುತ್ತಿದ್ದಳು.

ಎರಡು ವರ್ಷಕ್ಕೆ ಹುಡುಗಿಗೆ ಮೆದುಳು ಜ್ವರ ಬಂತು. ನಾಲ್ಕನೇ ದಿನ ತೀರಿಕೊಂಡಳು.

ಇನ್ನೂ ಸೂತಕ ಕಳೆದಿರಲಿಲ್ಲ, ಹಗಲು ಹೊತ್ತಿನಲ್ಲಿ ದಿಬ್ಬಣದ ಟ್ರ್ಯಾಕ್ಟರೊಂದು ಅದೇ ಪದ ಹಾಕಿಕೊಂಡು ಮನೆ ಮುಂದೆ ಬಂತು. ಸಿದ್ದಕ್ಕನ ಗಂಡ ಕೆಂಚಣ್ಣ ಹೋಗಿ ಅಡ್ಡ ನಿಂತ. ಡ್ರೈವರ್ ಅವನ ಮುಖ ನೋಡಿ ಟೇಪು ನಿಲ್ಲಿಸಿದ. ಊರು ದಾಟಿದ ಮೇಲೆ ಮತ್ತೆ ಹಚ್ಚಿದ್ದು ಒಳಗೆ ಗೋಡೆಗೊರಗಿದ್ದ ಸಿದ್ದಕ್ಕನಿಗೆ ಕೇಳಿಸಿತು.

“ಮನೇಲಿ ಆಡೋ ಕೂಸನ್ನ ಬಾಯಾರೆ ಕಳಿಸ್ಕೊಟ್ಲಲ್ಲೇ” ಎಂದು ನಲ್ಲಿಯ ಹತ್ತಿರ ಹೆಂಗಸರು ಆಡಿಕೊಂಡರು. ಅದನ್ನು ಸಿದ್ದಕ್ಕ ಅವರಿಗಿಂತ ಮುಂಚೆ ತನಗೆ ತಾನೇ ಅಂದುಕೊಂಡಿದ್ದಳು.

ಆದರೂ ಹಾಡು ಬಿಡಲಿಲ್ಲ. ಜೊತೆಗೆ ಸೊಲ್ಲು ಹಿಡಿಯುವ ಪಾಪಕ್ಕ ಬಂದು ಕರೆದರೆ ಎದ್ದು ಹೋಗುವಳು. ಹಸೆ ಮೇಲೆ ಕೂತ ಹುಡುಗಿಯ ಮುಖ ನೋಡುತ್ತ, ಅವಳದೇ ಹೆಸರು ಹಿಡಿದು ಕಳಿಸಿಕೊಡುವಳು. “ಎದುರಿಗಿರೋಳ್ನ ಕಳಿಸಿದ್ರೆ ತಪ್ಪಿಲ್ಲ. ನಾನು ಇಲ್ದೋಳ್ನ ಕಳಿಸಿದೆ” ಎಂದು ಪಾಪಕ್ಕನೊಬ್ಬಳ ಹತ್ತಿರ ಒಮ್ಮೆ ಅಂದಳು. ತನ್ನ ಕ್ಯಾಸೆಟ್ ಹಾಕಿದ ಕಡೆ ಮಾತ್ರ ಪದ ಮುಗಿಯುವವರೆಗೆ ನಿಂತು ಕೇಳುತ್ತಿದ್ದಳು. ಮಗಳ ಹೆಸರನ್ನು ಊರಲ್ಲಿ ಯಾರೂ ಎತ್ತುತ್ತಿರಲಿಲ್ಲ, ಗಂಡನೂ ಎತ್ತುತ್ತಿರಲಿಲ್ಲ. ಲೋಕದಲ್ಲಿ ಆ ಹೆಸರು ಕೂಗುತ್ತಿದ್ದದ್ದು ಅದೊಂದೇ.

ಎರಡು ಸಾವಿರದ ನಾಲ್ಕರಲ್ಲಿ ಅಮರೇಶ ಮನೆಗೆ ಬಂದ. ತಲೆ ನರೆತಿತ್ತು.

“ಅಕ್ಕ, ಈಗೆಲ್ಲಾ ಸೀಡಿ. ನಿನ್ನ ಪದ ಕೇಳ್ತಾರೆ, ಆದ್ರೆ ಸತ್ತ ಹುಡುಗಿ ಹೆಸ್ರು ಮದುವ್ಯಾಗೆ ಬ್ಯಾಡ ಅಂತಾರೆ. ಹೆಸ್ರು ಬದಲಾಯಿಸಿ ಇನ್ನೊಂದು ಸಲ ಹಾಡ್ಕೊಡು.”

“ಹಳೇದು?”

“ಕ್ಯಾಸೆಟ್ ಯಾರು ಹಾಕ್ತಾರಕ್ಕ ಇನ್ನು. ಅದು ಮುಗೀತು.”

ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲ. ಹೆಸರು ತೆಗೆದರೆ ಮಗಳನ್ನು ಮತ್ತೊಮ್ಮೆ ಮಣ್ಣು ಮಾಡಿದಂತೆ. ತೆಗೆಯದೆ ಬಿಟ್ಟರೂ ಅದು ಇನ್ನು ಎಲ್ಲೂ ಕೇಳಿಸುವುದಿಲ್ಲ. ನಾಲ್ಕನೆಯ ದಿನ ಕೆಂಚಣ್ಣ ಹಗ್ಗ ಹೊಸೆಯುತ್ತ ಕೂತವನು ತಲೆ ಎತ್ತದೆ ಅಂದ:

“ಇನ್ನೆಷ್ಟು ಸಲ ಕಳಿಸ್ತೀಯ ಶಶಿರೇಖನ್ನ? ಸಾಕು. ಇನ್ನಾದ್ರೂ ಮನ್ಯಾಗಿರ್ಲಿ ಬಿಡು.”

ಒಂಬತ್ತು ವರ್ಷದಲ್ಲಿ ಅವನ ಬಾಯಲ್ಲಿ ಆ ಹೆಸರು ಅದೇ ಮೊದಲು. ಸಿದ್ದಕ್ಕ ಮರುದಿನ ಪಾಪಕ್ಕನನ್ನು ಕರೆದುಕೊಂಡು ಬಸ್ಸು ಹತ್ತಿದಳು.

ರೂಮಿನಲ್ಲಿ ಅಮರೇಶ ಹೆಸರು ಸೂಚಿಸಿದ. “ಗೌರಿ ಅನ್ನಕ್ಕ. ಗಂಗಾ ಅನ್ನು.”

“ಆ ಹೆಸ್ರಿನ ಕೂಸುಗಳು ಎಷ್ಟಿಲ್ಲ ಊರಾಗೆ. ಸುಮ್ನಿರಪ್ಪ.”

ಉರುಮೆ ಶುರುವಾಯಿತು. ಕಣ್ಣು ಮುಚ್ಚಿ ಹಾಡಿದಳು. ಸೀಳುವ ಜಾಗಕ್ಕೆ ಬಂದಾಗ “ಹೊತ್ತೇರೋ ಮುಂಚೆ ಹೊಂಟಾಳೆ ಸಿದ್ದಕ್ಕ” ಎಂದಳು. ಸೊಲ್ಲು ಹಿಡಿಯಬೇಕಿದ್ದ ಪಾಪಕ್ಕ ತಿರುಗಿ ಅವಳ ಮುಖ ನೋಡಿದಳು. ಉರುಮೆಯೂ ನಿಂತಿತು.

“ಏನಕ್ಕ ಇದು, ನಿನ್ನ ಹೆಸ್ರೇ ಹಾಕ್ದೆ?”

“ಇಲ್ಲಿ ಇನ್ಯಾರನ್ನ ಕಳಿಸ್ಲಪ್ಪ. ನನ್ನ ಕೈಲಿರೋಳು ನಾನೊಬ್ಬಳೆ.” ಉರುಮೆಯವರಿಗೆ ಬಾರಿಸಲು ಕೈಮಾಡಿ, “ಪಾಪಕ್ಕ, ಹಿಡಿಯೇ ಸೊಲ್ಲು” ಎಂದಳು.

ಮಧ್ಯಾಹ್ನ ಅವಳು ಊರಿಗೆ ಬಂದಾಗ ಕೆಂಚಣ್ಣ ಜಗುಲಿ ಮೇಲಿದ್ದ.

“ಯಾರ ಹೆಸ್ರು ಹಾಕ್ದೆ?”

ಹೇಳಿದಳು.

“ಅಂಗಾರೆ ನೀನೂ ಹೋದಂಗಾಯ್ತು.”

“ಹೋದೆ. ಉಂಡ್ಯಾ?”

“ಇಲ್ಲ. ಎಸರೂ ಇಟ್ಟಿಲ್ಲ.”

ಸಿದ್ದಕ್ಕ ಒಳಗೆ ಹೋಗಿ ಸೆರಗು ಸಿಕ್ಕಿಸಿ ಒಲೆ ಹಚ್ಚಿದಳು. ಎಸರು ಕುದಿಯಿತು. ರಾಗಿಹಿಟ್ಟು ಸುರಿದು ಬೇಯಲು ಬಿಟ್ಟು, ಪಾತ್ರೆ ಕೆಳಗಿಳಿಸಿ, ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಗಂಟು ಉಳಿಯದಂತೆ ಕೋಲಿನಿಂದ ತಿರುವತೊಡಗಿದಳು.