ಭತ್ತ ತೂರಿದ ಕಾರು

ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ಪುತ್ತೂರಿನ ಮೆಣಸಿನ ವ್ಯಾಪಾರಿ ಹಸನಬ್ಬ ಸಾಹುಕಾರರ ಹಳೇ ಕಾರಿನ ಎಂಜಿನ್ ತಂಪು ಮಾಡುವ ಫ್ಯಾನು ತುಂಡಾಯಿತು. ಹೊಸತು ಎಲ್ಲಿಂದ ತರುದು? ಅವರ ಮೆಕ್ಯಾನಿಕ್ ಆದ ನಾನು ಗುಜರಿ ಲಾರಿಯದ್ದನ್ನು ಕತ್ತರಿಸಿ ಕೂರಿಸಿದೆ. "ಸುಳ್ಯದವರೆಗೆ ಇನ್ನು ರೇಡಿಯೇಟರಿಗೆ ತೊಟ್ಟು ನೀರು ಬೇಡ" ಎಂದು ಜಂಬ ಕೊಚ್ಚಿ, ಅವರನ್ನು ತಂಗಿಯ ಮಗಳ ಮದುವೆಗೆ ಹೊರಡಿಸಿ, ನಾನೇ ಸ್ಟೇರಿಂಗ್ ಹಿಡಿದೆ.

ದಾರಿಯಲ್ಲಿ ಮೂರು ಸಲ ಕುದಿಯಿತು. ಮೂರನೇ ಸಲ ಒಂದು ಮನೆಯ ಅಂಗಳಕ್ಕೆ ತಿರುಗಿಸಿದೆ. ಭತ್ತ ತೂರಲು ಗಾಳಿ ಕಾಯುತ್ತಾ ಕೂತಿದ್ದ ಅಜ್ಜಿಯಲ್ಲಿ ನೀರು ಕೇಳಿದರೆ, ಕೊಡಪಾನದ ಜೊತೆ ಬೆಲ್ಲವೂ ಬಂತು.

"ನೀರು ಕಾರಿಗೆ, ಅಜ್ಜಿ."

"ಆದರೆ ಎಂತ? ಮನೆಗೆ ಬಂದದ್ದಲ್ವಾ?"

ಎಂಜಿನ್ ಚಾಲೂ ಇಟ್ಟೇ ನೀರು ಹೊಯ್ದೆ. ಕಾರಿನ ಮೂತಿಯೆದುರು ಬಂದ ಅಜ್ಜಿಯ ಸೆರಗು ಪಟಪಟ ಹಾರಿತು. ಅವರು ಓಡಿ ಹೋಗಿ ಗೆರಸೆ ತುಂಬ ಭತ್ತ ತಂದರು.

"ನಿಲ್ಲಿಸಬೇಡಿ ಮಾರಾಯ್ರೆ, ಒಳ್ಳೆ ಗಾಳಿ ಉಂಟು!"

ಆಗ ನನಗೆ ಹೊಳೆಯಿತು. ಲಾರಿಯ ಫ್ಯಾನು ಗಾಳಿಯನ್ನು ಎಂಜಿನ್ನಿನ ಕಡೆಗೆ ಎಳೆಯುವ ಬದಲು ಹೊರಗೆ ಊದುತ್ತಿತ್ತು. ಅಜ್ಜಿ ತೂರಿದ ಜೊಳ್ಳೆಲ್ಲ ಕಾರಿನಿಂದಿಳಿದು ಎದುರು ನಿಂತಿದ್ದ ಸಾಹುಕಾರರ ಮದುವೆಯ ಬಿಳಿ ಅಂಗಿಗೆ ಹೋಗಿ ಕೂತಿತು.

"ಇದು ಎಂತ ಫ್ಯಾನು ಮಾರಾಯಾ?" ಎಂದು ಅವರು ಗುಡುಗಿದರು.

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದರು, "ಭಾರೀ ಒಳ್ಳೆದುಂಟು. ಮುಂದಿನ ಕೊಯ್ಲಿಗೂ ತನ್ನಿ."

ಆ ಫ್ಯಾನಿಗೆ ಸಿಕ್ಕಿದ ಸರ್ಟಿಫಿಕೇಟು ಅದೊಂದೇ.