ಚಾವಡಿಯ ಬೇಸಿನ್ನು, ಅಪ್ಪನ ಬೊಳ್ಳು

ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ ಹಿಂದಕ್ಕೆ ತಿರುಗಿದರೆ ದೇವರ ಕೋಣೆಯ ಹೊಸ್ತಿಲಾಚೆ ಫಿನಾಯಿಲಿನ ವಾಸನೆ. ಸೊಸೆ ತಲೆ ತಗ್ಗಿಸಿ ನೆಲ ಒರೆಸುತ್ತಿದ್ದಳು. ತವರಿನಿಂದ ಅವಳ ಜೊತೆಗೇ ಬಂದ ನಾಯಿ ಪಕ್ಕದಲ್ಲಿ ಕೂತು ಬಾಲ ಆಡಿಸುತ್ತಿತ್ತು. ಮೈಯೆಲ್ಲ ಸುರುಳಿ ಕೂದಲು. ಮೊದಲ ದಿನ ನಾನು ಅದನ್ನು ಕಾಲೊರಸು ಎಂದು ತಿಳಿದು ಮೆಟ್ಟಲು ಹೋಗಿದ್ದೆ, ಆ ವಿಷಯ ಬೇರೆ. ಒಂದು ದಿನ ತಪ್ಪದೆ ಅದು ಅಲ್ಲೇ ಕಾಲೆತ್ತಿದ್ದು ಇವತ್ತಿಗೆ ನಾಲ್ಕನೆಯ ಬೆಳಗು. "ಅಲ್ಲಿ ಒಂದು ದಿನವೂ ಹೀಗೆ ಮಾಡಿದ್ದಿಲ್ಲ ಅತ್ತೆ" ಎಂದಳು. ಮೂರು ದಿನಗಳಿಂದ ನಾನು ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟಿದ್ದ ಒಂದು ಭಾಷಣ ನಾಲಗೆಯ ತುದಿಗೆ ಬಂದಿತ್ತು. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅದರ ಮೊದಲ ಸಾಲೇ ಮರೆತುಹೋಯಿತು.

ಕೆಲವರಿಗೆ ಮಲ್ಲಿಗೆಯ ಪರಿಮಳ ಬಂದರೆ ಮದುವೆಯಾದ ಹೊಸತು ನೆನಪಾಗುತ್ತದಂತೆ. ನನಗೆ ಫಿನಾಯಿಲ್. ನಗಬೇಡಿ, ಅವರವರ ಭಾಗ್ಯ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಆ ಕಾಲದಲ್ಲಿ ನಾನು ಮೂಡಬಿದಿರೆಯಿಂದ ಮಡಂತ್ಯಾರಿನ ಹತ್ತಿರದ ಗಂಡನ ಮನೆಗೆ ಬಂದಾಗ ನನ್ನ ಜೊತೆ ಒಂದು ಟ್ರಂಕು, ಒಂದು ಹೊಲಿಗೆ ಮಿಷನ್ನು ಮತ್ತು ಒಂದು ನಾಯಿ ಇದ್ದವು. ಟ್ರಂಕಿಗೂ ಮಿಷನ್ನಿಗೂ ಯಾರೂ ಏನೂ ಅನ್ನಲಿಲ್ಲ.

ನಾಯಿ ತಂದದ್ದು ಹುಚ್ಚಿನಿಂದಲ್ಲ. ಅಮ್ಮ ತೀರಿಹೋಗಿ ವರ್ಷಗಳಾಗಿದ್ದವು. ಮೂಡಬಿದಿರೆ ಪೇಟೆಯಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದ ಅಪ್ಪ, ನನ್ನ ಮದುವೆ ಮುಗಿಸಿ ಅಂಗಡಿಗೆ ಬೀಗ ಹಾಕಿ ಬೊಂಬಾಯಿಗೆ ಅಣ್ಣನ ಖೋಲಿಗೆ ಹೊರಟಿದ್ದರು. ಆರು ಜನ ಮಲಗುವ ಖೋಲಿಯಲ್ಲಿ ಏಳನೆಯವರಾಗಿ ಅಪ್ಪ ಹೇಗೋ ಹಿಡಿಸಬಹುದು, ಎಂಟನೆಯದಾಗಿ ಬೊಳ್ಳು ಹಿಡಿಸುವ ಹಾಗಿರಲಿಲ್ಲ. ಬೊಳ್ಳು ಎಂದರೆ ತುಳುವಿನಲ್ಲಿ ಬಿಳಿಯದು. ಅದು ಬಿಳಿ ಇರುತ್ತಿದ್ದದ್ದು ಸ್ನಾನ ಮಾಡಿಸಿದ ಅರ್ಧ ಗಂಟೆ ಮಾತ್ರ. ಎರಡು ವರ್ಷ ಅಪ್ಪ ಅದನ್ನು ಮಗುವಿನ ಹಾಗೆ ತಿದ್ದಿ ಬೆಳೆಸಿದ್ದರು. ಹೊರಡುವ ದಿನ ನನ್ನ ಮಾವನ ಕೈ ಹಿಡಿದುಕೊಂಡು, ಮಗಳ ಬಗ್ಗೆ ಏನಾದರೂ ಹೇಳುತ್ತಾರೆ ಎಂದು ಎಲ್ಲರೂ ಕಾಯುತ್ತಿರುವಾಗ, "ಇದು ಮನೆಯೊಳಗೆ ಗಲೀಜು ಮಾಡುವ ನಾಯಿ ಅಲ್ಲ. ಅದಕ್ಕೆ ನಾನು ಜವಾಬ್ದಾರಿ" ಎಂದರು. ಮಗಳ ಬಗ್ಗೆ ಯಾವ ಜವಾಬ್ದಾರಿಯನ್ನೂ ತೆಗೆದುಕೊಳ್ಳಲಿಲ್ಲ.

ಈಗ ಮಾವನ ವಿಷಯ. ಅವರು ಮಡಂತ್ಯಾರಿನಲ್ಲಿ ಬಸ್ ಏಜೆಂಟ್. ಕುತ್ತಿಗೆಗೆ ಸೀಟಿ, ಕಿಸೆಯಲ್ಲಿ ಟೈಮಿಂಗ್ ಬರೆದ ಪುಸ್ತಕ. ಬೆಳ್ತಂಗಡಿಗೆ, ಧರ್ಮಸ್ಥಳಕ್ಕೆ, ಬಂಟ್ವಾಳಕ್ಕೆ ಹೋಗುವ ಬಸ್ಸುಗಳಿಗೆ ಜನ ಹತ್ತಿಸಿ, ಸೀಟಿ ಊದಿ, ಎರಡು ನಿಮಿಷ ತಡವಾದ ಡ್ರೈವರನಿಗೆ ನಾಲ್ಕು ನಿಮಿಷ ಬೈದು ಕಳಿಸುವ ಕೆಲಸ. ಲೋಕದ ಸಕಲ ಕಷ್ಟಗಳಿಗೂ ಟೈಮಿಂಗ್ ತಪ್ಪುವುದೇ ಕಾರಣ ಎಂದು ಅವರು ನಂಬಿದ್ದರು. ಸೀಟಿ ಬಿಟ್ಟರೆ ಅವರ ಜೀವ ಇದ್ದದ್ದು ಮನೆಯ ವಾಶ್ ಬೇಸಿನ್ನಿನ ಮೇಲೆ.

ಆ ಬೇಸಿನ್ನನ್ನು ನೀವು ನೋಡಬೇಕಿತ್ತು. ತಿಳಿ ಗುಲಾಬಿ ಬಣ್ಣ. ಮಂಗಳೂರಿನಿಂದ ಬೈಹುಲ್ಲಿನಲ್ಲಿ ಸುತ್ತಿ ಬಸ್ಸಿನ ಟಾಪಿನಲ್ಲಿ ತಂದದ್ದು, ಇಡೀ ದಾರಿ ಮಾವನೂ ಅದರ ಜೊತೆ ಟಾಪಿನಲ್ಲೇ ಕೂತು ಬಂದಿದ್ದರಂತೆ. ಆ ಊರಿನ ಸುತ್ತಮುತ್ತಲಲ್ಲೇ ಮೊದಲ ಬೇಸಿನ್. ಊಟದ ಜಾಗದ ಹತ್ತಿರ ಹಾಕಿದರೆ ಬಂದವರಿಗೆ ಕಾಣುವುದಿಲ್ಲವೆಂದು ಮನೆಯ ಎದುರು ಭಾಗದ ಚಾವಡಿಯಲ್ಲೇ, ಬಾಗಿಲಿನ ಬಲಕ್ಕೆ ಕೂರಿಸಿದ್ದರು. ಪೈಪು ಅಟ್ಟದ ಮೇಲಿನ ಡ್ರಮ್ಮಿಗೆ. ಡ್ರಮ್ಮಿಗೆ ನೀರು ಬಾವಿಯಿಂದ. ಬಾವಿಯಿಂದ ಅಟ್ಟಕ್ಕೆ ಮಾತ್ರ ಪೈಪಿರಲಿಲ್ಲ, ಅತ್ತೆ ಮತ್ತು ನಾನು ಇದ್ದೆವು. ಕೊಡಪಾನ ಹೊತ್ತು ಏಣಿ ಹತ್ತಿ ನಾವು ಸುರಿದ ನೀರು ಮಾವ ನಲ್ಲಿ ತಿರುಗಿಸಿದೊಡನೆ ತಾನಾಗಿ ಬರುತ್ತಿತ್ತು. ಮನೆಮಂದಿಯೆಲ್ಲ ಅಡುಗೆಮನೆಯಲ್ಲಿ ಉಂಡು, ಎಂಜಲು ಕೈಯನ್ನು ಆರತಿಯ ತಟ್ಟೆಯಂತೆ ಎದುರಿಗೆ ಹಿಡಿದುಕೊಂಡು, ಎರಡು ಕೋಣೆ ದಾಟಿ ಚಾವಡಿಗೆ ಬಂದು ಅದರಲ್ಲೇ ಕೈ ತೊಳೆಯಬೇಕೆಂದು ಮಾವನ ಕಟ್ಟಪ್ಪಣೆ.

ಬೊಳ್ಳು ಬಂದ ಮೊದಲ ದಿನ ಮಧ್ಯಾಹ್ನ ಮಾವ ಉಂಡು, ಕೈ ತೊಳೆದು, ಟವೆಲಿಗೆ ಕೈ ಚಾಚುವಷ್ಟರಲ್ಲಿ ಅದು ಅಂಗಳದಿಂದ ನೆಟ್ಟಗೆ ಒಳಗೆ ಬಂತು. ಬೇಸಿನ್ನಿನ ಕೆಳಗೆ ಕಾಲೆತ್ತಿತು. ನಿಧಾನವಾಗಿ ಮುಗಿಸಿತು. ಆಮೇಲೆ ಮಾವನ ಮುಖ ನೋಡಿ ಬಾಲ ಅಲ್ಲಾಡಿಸಿತು.

ಹೊಸ ಜಾಗ, ಗಾಬರಿ ಎಂದು ಎಲ್ಲರೂ ಸುಮ್ಮನಾದರು. ರಾತ್ರಿಯ ಊಟಕ್ಕೆ ಪುನಃ. ಬೆಳಿಗ್ಗೆ ಗಂಜಿಗೆ ಪುನಃ. ಹೊಡೆದರೆ ಮಾವನ ಮುಖವನ್ನೇ ಆಶ್ಚರ್ಯದಿಂದ ನೋಡುವುದು, ಮುಂದಿನ ಊಟಕ್ಕೆ ಮತ್ತಷ್ಟು ಶ್ರದ್ಧೆಯಿಂದ ಮಾಡುವುದು. ಬಾಗಿಲು ಹಾಕಿದರೆ ಹೊರಗಿನಿಂದ ಬಾಗಿಲನ್ನು ಕೆರೆದು, ಊರಿಗೆಲ್ಲ ಕೇಳುವ ಹಾಗೆ ಅಳುವುದು. ನಾನು ದಿನಕ್ಕೆ ಮೂರು ಹೊತ್ತು ಚಾವಡಿಗೆ ಫಿನಾಯಿಲ್ ಹಾಕಿ ಒರೆಸಿದೆ. ಆಚೆಮನೆಯವರು ಇದನ್ನು ದೂರದಿಂದ ನೋಡಿ, ಏಜೆಂಟರ ಹೊಸ ಸೊಸೆಯ ಶುಚಿತ್ವ ನೋಡು ಎಂದು ತಮ್ಮ ಸೊಸೆಗೆ ಬುದ್ಧಿ ಹೇಳಿದರಂತೆ. ಆ ಹುಡುಗಿ ನನ್ನನ್ನು ಹತ್ತು ವರ್ಷ ಮಾತಾಡಿಸಲಿಲ್ಲ.

ಮಾವ ಇದನ್ನು ಬೇಸಿನ್ನಿಗಾದ ಅವಮಾನ ಎಂದೇ ತಿಳಿದರು. ಆದರೂ ಟೈಮಿಂಗ್ ಸರಿ ಮಾಡಿ ನೋಡುವ ಎಂದು, ಆರೂ ಹತ್ತಕ್ಕೆ, ಹನ್ನೊಂದಕ್ಕೆ, ನಾಲ್ಕೂವರೆಗೆ ಬೊಳ್ಳುವನ್ನು ರಸ್ತೆ ಬದಿಗೆ ಕರೆದುಕೊಂಡು ಹೋಗಿ ಸೀಟಿ ಊದತೊಡಗಿದರು. ಬೊಳ್ಳು ಕೂತು ರಸ್ತೆ ನೋಡುತ್ತಿತ್ತು. ಸೀಟಿ ಕೇಳಿದ ಜನ ಮಾತ್ರ ಬಸ್ಸು ಬಂತೆಂದು ಗದ್ದೆ ದಾಟಿ, ಗಂಟು ಹೊತ್ತು, ಮಕ್ಕಳನ್ನು ಎಳೆದುಕೊಂಡು ಓಡಿ ಬರುತ್ತಿದ್ದರು. ಬಂದು ನೋಡಿದರೆ ಬಸ್ಸಿಲ್ಲ, ಏಜೆಂಟರು ಒಂದು ನಾಯಿಯ ಮುಂದೆ ನಿಂತು ಕೈ ಬೀಸುತ್ತಿದ್ದಾರೆ. ನಾಯಿಗೆ ಕೆಲಸವಿಲ್ಲ, ನಿಲ್ಲಲು ಪುರುಸೊತ್ತಿಲ್ಲ ಎನ್ನುತ್ತಾರಲ್ಲ, ಆ ವಾರ ಅದು ನಾಯಿಯನ್ನು ಬಿಟ್ಟು ಊರಿಗೆಲ್ಲ ಅನ್ವಯಿಸಿತು.

ಅತ್ತೆಗೆ ಬೇಸಿನ್ನಿಗೆ ದೃಷ್ಟಿ ತಾಗಿದೆ ಎಂದು ಅನುಮಾನ. ಒಂದು ಸಂಜೆ ಉಪ್ಪು ಮೆಣಸು ಹಿಡಿದು ಅದಕ್ಕೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮುತ್ತಾ ಉಂಡೆವು. ಬೊಳ್ಳು ಸೀನುತ್ತಾ ಬಂದು ಕಾಲೆತ್ತಿತು. ನಮ್ಮವರು ಬಂಟ್ವಾಳದ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು, ಮಿತಭಾಷಿ. ಅಪ್ಪನಿಗೆ ಬರೆದು ಕೇಳು ಎಂದಷ್ಟೇ ಹೇಳಿದರು. ಅದೊಂದು ನನ್ನಿಂದಾಗಲಿಲ್ಲ. ಜೀವನದಲ್ಲಿ ಒಂದೇ ಒಂದು ಜವಾಬ್ದಾರಿ ಮಾತು ಕೊಟ್ಟು ಹೋದವರಿಗೆ, ನಿಮ್ಮ ಮಾತು ದಿನಕ್ಕೆ ಮೂರು ಸಲ ಸುಳ್ಳಾಗುತ್ತಿದೆ ಎಂದು ಹೇಗೆ ಬರೆಯಲಿ? ಬೊಳ್ಳು ಸೌಖ್ಯ, ಎಲ್ಲರಿಗೂ ಹೊಂದಿಕೊಂಡಿದೆ ಎಂದು ಇನ್‌ಲ್ಯಾಂಡ್ ಕಾಗದ ಬರೆದು ಹಾಕಿದೆ. ಬರೆದ ಮೇಲೆ ಬಾವಿಕಟ್ಟೆಯಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ. ನಾಯಿ ಹೊಂದಿಕೊಳ್ಳದ ಮನೆಯಲ್ಲಿ ನಾನು ಹೊಂದಿಕೊಳ್ಳುವುದು ಹೇಗೆಂದು ನಿಜವಾಗಿ ಭಯವಾಗಿತ್ತು.

ಮೂರನೆಯ ವಾರ ಮಾವ ತೀರ್ಮಾನಕ್ಕೆ ಬಂದರು. ತೆಂಗಿನಕಾಯಿ ವ್ಯಾಪಾರದ ಅದ್ದು ಬ್ಯಾರಿ ಆ ಕಡೆಯ ಮನೆಗಳಿಗೆಲ್ಲ ತಿರುಗುವವರು. ನೆರಿಯದ ಕಾಡಿನಂಚಿನ ಮನೆಯೊಂದಕ್ಕೆ ನಾಯಿ ಬೇಕೆಂದು ಅವರು ಹೇಳಿದ್ದರು. ಅಲ್ಲಿದ್ದ ನಾಯಿಗೆ ಏನಾಯಿತು ಎಂದು ನಾನು ಕೇಳಿದೆ. ಚಿರತೆ ಕೊಂಡುಹೋಯಿತಂತೆ. ಅದಕ್ಕಿಂತ ಮೊದಲಿನದ್ದು? ಅದನ್ನೂ.

ಅದ್ದು ಬ್ಯಾರಿ ಬಂದದ್ದು ಮಧ್ಯಾಹ್ನ. ಮಾವ ಒಳಗೆ ಉಣ್ಣುತ್ತಿದ್ದರು. ನಾನೇ ಹಗ್ಗ ಕಟ್ಟಿ ಬೊಳ್ಳುವನ್ನು ಅವರ ಕೈಗೆ ಕೊಟ್ಟೆ. ಅವರು ಹಗ್ಗ ಹಿಡಿದು ಹೊರಟವರು ನಿಂತರು. ಸರಕನ್ನು ಕೇಳದೆ ಕೊಳ್ಳುವ ಜನ ಅವರಲ್ಲ. ಒಂದು ಕಾಯಿ ತೆಗೆದುಕೊಳ್ಳುವುದಿದ್ದರೂ ಯಾವ ಮರದ್ದು, ಯಾವಾಗ ಕೊಯ್ದದ್ದು ಎಂದು ವಿಚಾರಿಸಿ, ಕಿವಿಯ ಹತ್ತಿರ ಅಲ್ಲಾಡಿಸಿಯೇ ಗೋಣಿಗೆ ಹಾಕುವವರು.

"ಅಕ್ಕ, ಒಂದು ಕೇಳ್ತೇನೆ. ನಿಮ್ಮ ತವರಲ್ಲಿ ಇರುವಾಗ ಇದು ಎಲ್ಲಿಗೆ ಹೋಗ್ತಿತ್ತು?"

"ಹಿಂಬದಿಯ ತೆಂಗಿನಮರದ ಬುಡಕ್ಕೆ" ಎಂದೆ.

"ಅದರಷ್ಟಕ್ಕೆ ಹೋಗ್ತಿತ್ತಾ?"

ಇಲ್ಲ. ಅದರಷ್ಟಕ್ಕೆ ಹೋಗುತ್ತಿರಲಿಲ್ಲ. ಅಪ್ಪ ಊಟ ಮಾಡಿ ಚೆಂಬು ಹಿಡಿದು ಹೊರಟರೆ ಅದೂ ಹಿಂದೆಯೇ ಹೊರಡುತ್ತಿತ್ತು. ಅಪ್ಪ ಮರದ ಬುಡದಲ್ಲಿ ಕೈ ತೊಳೆದು ಬಾಯಿ ಮುಕ್ಕಳಿಸುವುದು, ಅದು ಪಕ್ಕದಲ್ಲಿ ಕಾಲೆತ್ತುವುದು, ಮುಗಿಸಿದ ಮೇಲೆ ಅಪ್ಪ ಒಂದು ಮುಷ್ಟಿ ಅನ್ನ ಹಾಕುವುದು. ಮೂರು ಹೊತ್ತೂ ಇದೇ. ನೀರು ಬೀಳುವ ಸದ್ದು ಕೇಳುವವರೆಗೆ ಅದು ಪ್ರಾಣ ಹೋದರೂ ತಡೆದುಕೊಳ್ಳುತ್ತಿತ್ತು. ನಮ್ಮ ಮನೆಯಲ್ಲಿ ಅದು ಎಷ್ಟು ಸಹಜವಾಗಿತ್ತೆಂದರೆ, ಹೇಳಬೇಕಾದ ವಿಷಯ ಎಂದು ಅಪ್ಪನಿಗೂ ತೋಚಿರಲಿಲ್ಲ, ನನಗೂ.

"ಕೈ ತೊಳೆಯುವಲ್ಲಿಗೆ ಹೋಗ್ತಿತ್ತು" ಎಂದೆ. ನನ್ನ ಬಾಯಿಂದ ಬಂದ ಮಾತು ನನಗೇ ಆಗ ಅರ್ಥವಾಯಿತು.

ಅಷ್ಟರಲ್ಲಿ ಒಳಗೆ ಮಾವ ನಲ್ಲಿ ತಿರುಗಿಸಿದರು. ಬೊಳ್ಳು ಎದ್ದು ನಿಂತಿತು. ಮೂವತ್ತು ವರ್ಷದ ವ್ಯಾಪಾರದಲ್ಲಿ ಯಾರ ಮನೆಯ ಜಗಲಿಯನ್ನೂ ದಾಟಿರದ ಅದ್ದು ಬ್ಯಾರಿಯವರನ್ನು ಹಗ್ಗದ ಸಮೇತ ಎಳೆದುಕೊಂಡು, ಮೆಟ್ಟಿಲು ಹತ್ತಿಸಿ, ಚಾವಡಿಗೆ ನುಗ್ಗಿಸಿ, ಮಾವನ ಪಕ್ಕದಲ್ಲಿ ತಂದು ನಿಲ್ಲಿಸಿತು. ಬೇಸಿನ್ನಿನ ಕೆಳಗೆ ತನ್ನ ಕರ್ತವ್ಯ ಮಾಡಿತು. ಮಾವ ಒದ್ದೆ ಕೈಯಲ್ಲೇ ಒಮ್ಮೆ ನಾಯಿಯನ್ನೂ ಒಮ್ಮೆ ಬ್ಯಾರಿಯನ್ನೂ ನೋಡಿದರು. ಅದ್ದು ಬ್ಯಾರಿ ಮುಂಡಿನ ಅಂಚು ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಏಜೆಂಟ್ರೆ, ಇದು ಕಲಿತ ನಾಯಿ. ಇದಕ್ಕೆ ಅದರ ಸ್ಟಾಪ್ ಸರಿ ಗೊತ್ತುಂಟು. ನೀವು ಸ್ಟಾಪನ್ನು ಮನೆಯೊಳಗೆ ತಂದಿಟ್ಟಿದ್ದೀರಿ" ಎಂದರು. ನೆರಿಯದವರಿಗೆ ಬೇರೆ ನಾಯಿ ನೋಡುತ್ತೇನೆ ಎಂದು ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟು, ತೆಂಗಿನಕಾಯಿಯ ಮಾತೂ ಎತ್ತದೆ ಹೋದರು.

ಬೇರೆ ಯಾವ ಭಾಷೆಯಲ್ಲಿ ಹೇಳಿದ್ದರೂ ಮಾವ ವಾದಿಸುತ್ತಿದ್ದರು. ಆದರೆ ಹೇಳದೆ ಕೇಳದೆ ಸ್ಟಾಪ್ ಬದಲಿಸುವುದೆಂದರೆ ಏನು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ರಸ್ತೆಯಲ್ಲಿ ಇರಲಿಲ್ಲ. ರಾತ್ರಿ ಉಂಡು ಎದ್ದವರು ಎಂಜಲು ಕೈಯಲ್ಲಿ ಚಾವಡಿಗೆ ಬಂದರು, ಬೇಸಿನ್ನನ್ನು ಒಂದು ಕ್ಷಣ ನೋಡಿದರು, ಹಾಗೆಯೇ ಅಂಗಳಕ್ಕೆ ಇಳಿದು ಅದರ ಅಂಚಿನ ತೆಂಗಿನಮರದ ಕಡೆ ನಡೆದರು. ಅತ್ತೆ ಚೆಂಬು ಹಿಡಿದು ಹಿಂದೆ, ನಮ್ಮವರು ಅವರ ಹಿಂದೆ, ಕೊನೆಗೆ ನಾನು. ಎಲ್ಲರಿಗಿಂತ ಮುಂದೆ ಬೊಳ್ಳು. ನಾನು ಬೇಗ ಒಳಗೆ ಹೋಗಿ ಒಂದು ಮುಷ್ಟಿ ಅನ್ನ ತಂದು ಮಾವನ ಕೈಗೆ ಕೊಟ್ಟೆ. ಬೊಳ್ಳು ಮರದ ಬುಡದಲ್ಲಿ ಮುಗಿಸಿದ ಮೇಲೆ ಅವರು ಹಾಕಿದರು. ಮೂರು ವಾರದಿಂದ ಅದು ಬಾಲ ಆಡಿಸಿ ಕೇಳುತ್ತಿದ್ದದ್ದು ಅದನ್ನೇ.

ಬೇಸಿನ್ನನ್ನು ಕೀಳಲಿಲ್ಲ. ಅದಕ್ಕೆ ಬೆಣೆ ಹಾಕಿ ನೀರು ನಿಲ್ಲಿಸಿ ಅತ್ತೆ ವೀಳ್ಯದೆಲೆ ಇಡತೊಡಗಿದರು. ಎಲೆ ನಾಲ್ಕು ದಿನ ಬಾಡುತ್ತಿರಲಿಲ್ಲ. ಅಟ್ಟಕ್ಕೆ ನೀರು ಹೊರುವುದು ತಪ್ಪಿದ್ದಕ್ಕೆ ಅವರು ಬೊಳ್ಳುವಿಗೆ ಸಾಯುವವರೆಗೂ ಮೀನಿನ ತಲೆ ತಪ್ಪಿಸಲಿಲ್ಲ.

ಮರುವರ್ಷ ಅಪ್ಪ ಬೊಂಬಾಯಿಯಿಂದ ಬಂದರು. ಸೊರಗಿದ್ದರು, ಬಟ್ಟೆಗಳೆಲ್ಲ ಅಣ್ಣನವೇ. ಊಟವಾದ ಮೇಲೆ ಮಾವ ತಾವೇ ಚೆಂಬು ತೆಗೆದುಕೊಂಡು ಅಂಗಳಕ್ಕೆ ಕರೆದುಕೊಂಡು ಹೋಗಿ ಅಪ್ಪನ ಕೈಗೆ ನೀರು ಹೊಯ್ದರು. ಬೊಳ್ಳು ಇಬ್ಬರ ನಡುವೆ ನಿಂತು ಕಾಲೆತ್ತಿತು. "ನಿಮ್ಮ ಮಾತು ಸರಿ ಇತ್ತು" ಎಂದರು ಮಾವ. "ತಪ್ಪು ನಮ್ಮಲ್ಲಿ ಇದ್ದದ್ದು." ಅಪ್ಪನಿಗೆ ತಲೆಬುಡ ಅರ್ಥವಾಗಲಿಲ್ಲ, ನಾನು ಇದ್ಯಾವುದನ್ನೂ ಬರೆದಿರಲಿಲ್ಲವಲ್ಲ. ನನ್ನ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡರೇನೋ, ಮುಖ ಅರಳಿತು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಆ ಮನೆ ನನ್ನದೂ ಹೌದು ಎಂದು ಅನಿಸಿದ್ದು ಆವತ್ತು.

ಇಷ್ಟೆಲ್ಲ ಗೊತ್ತಿರುವ ಹೆಂಗಸು ನಾನು. ಆದರೂ ಮೂರು ದಿನ ಭಾಷಣ ತಯಾರಿಸಿದೆನೇ ಹೊರತು ಒಂದು ಮಾತು ಕೇಳಲಿಲ್ಲ ನೋಡಿ. ಇವತ್ತು ಸೊಸೆಯ ಪಕ್ಕ ನೆಲದ ಮೇಲೆಯೇ ಕೂತು ಕೇಳಿದೆ. ನಿಮ್ಮ ಮನೆಯಲ್ಲಿ ಇದು ಎಲ್ಲಿಗೆ ಹೋಗುತ್ತಿತ್ತು, ಮಗಳೇ?

ಅವಳು ಒರೆಸುವುದನ್ನು ನಿಲ್ಲಿಸಿದಳು. ಮಂಗಳೂರಿನಲ್ಲಿ ಅವರದು ಐದನೆಯ ಮಾಳಿಗೆ. ಬೆಳಿಗ್ಗೆ ಅವಳ ತಂದೆ ಲಿಫ್ಟಿನಲ್ಲಿ ಕೆಳಗಿಳಿಸುತ್ತಿದ್ದರಂತೆ. "ಕೆಳಗೆ ಮುಟ್ಟಿದ ಕೂಡಲೇ ಲಿಫ್ಟು ಟಿಣ್ ಅಂತದಲ್ಲ ಅತ್ತೆ, ಅಲ್ಲಿವರೆಗೆ ತಡ್ಕೊಳ್ತದೆ. ಟಿಣ್ ಅಂದದ್ದೇ..." ಎಂದವಳು ಅಲ್ಲಿಗೇ ನಿಲ್ಲಿಸಿ, ಮೆಲ್ಲನೆ ನನ್ನ ಬಲಗೈ ಕಡೆ ನೋಡಿದಳು.

ನಾನೂ ನೋಡಿಕೊಂಡೆ. ಪೂಜೆಯ ಗಂಟೆ ಇನ್ನೂ ಕೈಯಲ್ಲೇ ಇತ್ತು.

ನಾಳೆಯಿಂದ ಮಂಗಳಾರತಿ ಅಂಗಳದಲ್ಲಿ, ತುಳಸಿಯಿಂದ ಸ್ವಲ್ಪ ದೂರದಲ್ಲಿ. ದೇವರಿಗೆ ವಿಷಯ ತಿಳಿಸಿದ್ದೇನೆ. ಬೇಡ ಎಂದು ಅವರೇನೂ ಹೇಳಿಲ್ಲ.